ನೂರಕ್ಕೆ ನೂರು ಸರಿ, ಈ ಹದಿನೈದು ದಿನಕ್ಕೆ ಏನು?

ಜೂನ್‌ನ ಮೊದಲ ಸ್ಟಾಫ್ ಮೀಟಿಂಗಿನಲ್ಲಿ, ಶಾಲೆ ಕಾರವಾರದ್ದಿರಲಿ ಶಿರಸಿಯದ್ದಿರಲಿ, ಮುಖ್ಯೋಪಾಧ್ಯಾಯರ ಮಾತು ಸಾಮಾನ್ಯವಾಗಿ ಒಂದೇ: "ಈ ಸಲ ಎಸ್ಸೆಸ್ಸೆಲ್ಸಿ ರಿಸಲ್ಟ್ ನೂರಕ್ಕೆ ನೂರು ಆಗಬೇಕು." ಕ್ರೀಡಾ ಮನೋವಿಜ್ಞಾನದಲ್ಲಿ ಇದಕ್ಕೆ ಫಲಿತಾಂಶದ ಗುರಿ ಎನ್ನುತ್ತಾರೆ. ಗುರಿ ಇರಲಿ, ಆದರೆ ಅದು ಪೂರ್ತಿಯಾಗಿ ಯಾರ ಕೈಯಲ್ಲೂ ಇಲ್ಲ. ಕಬಡ್ಡಿ ಕೋಚ್ ರೈಡರ್‌ಗೆ ಬರೀ "ಗೆದ್ದು ಬಾ" ಎಂದು ಕಳಿಸುವುದಿಲ್ಲ. ಎದುರಿಗೆ ಆರು ಜನ ಇದ್ದಾಗ ಬೋನಸ್ ನೋಡು, ಎಡ ಮೂಲೆಯವನ ಕೈಗೆ ಕಾಲು ಕೊಡಬೇಡ ಎನ್ನುತ್ತಾನೆ.

ಶಾಲೆಯಲ್ಲೂ ಗುರಿಯನ್ನು ಹೀಗೇ ಕೈಯಲ್ಲಿರುವ ಕೆಲಸದ ಮಟ್ಟಕ್ಕೆ ತರಬೇಕು. ಗಣಿತವನ್ನೇ ನೋಡಿ. ಎಲ್ಲರೂ ಪಾಸಾಗುವುದು ಫಲಿತಾಂಶ. ಮೊದಲ ಪರೀಕ್ಷೆಯಲ್ಲಿ ಹಿಂದುಳಿದ ಹತ್ತು ಮಕ್ಕಳು ಮಧ್ಯವಾರ್ಷಿಕದ ಹೊತ್ತಿಗೆ ಹತ್ತು ಅಂಕ ಮೇಲೇರುವುದು ಸಾಧನೆಯ ಗುರಿ. ಪಾಠದ ಕೊನೆಯ ಎಂಟು ನಿಮಿಷ ಮಕ್ಕಳು ತಾವೇ ಒಂದು ಲೆಕ್ಕ ಬಿಡಿಸುವುದು, ಆ ಹತ್ತರಲ್ಲಿ ಐವರ ನೋಟ್‌ಬುಕ್ಕನ್ನು ಅಲ್ಲೇ ನೋಡುವುದು ಪ್ರಕ್ರಿಯೆಯ ಗುರಿ. ಒಬ್ಬ ಶಿಕ್ಷಕರಿಗೆ ಇಂಥವು ಎರಡಕ್ಕಿಂತ ಹೆಚ್ಚು ಬೇಡ. ಐದಾರು ಕೊಟ್ಟರೆ ಅವು ಡೈರಿಯಲ್ಲಷ್ಟೇ ಉಳಿಯುತ್ತವೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಗುರಿಯನ್ನು "ಪ್ರತಿದಿನ" ಎಂದು ಬರೆದರೆ ಜುಲೈಯ ಮಳೆರಜೆಗೇ ಅದು ಮುರಿಯುತ್ತದೆ. ಒಮ್ಮೆ ಮುರಿದದ್ದನ್ನು ಮತ್ತೆ ಹಿಡಿಯುವವರು ಕಡಿಮೆ. "ಐದು ಪಾಠಕ್ಕೆ ನಾಲ್ಕು ಸಲ" ಎಂದು ಬರೆಯಿರಿ. ರಜೆ ಬಿದ್ದರೆ ಶಾಲೆ ತೆರೆದ ದಿನದ ಮೊದಲ ಪಾಠದಲ್ಲೇ ಆ ಲೆಕ್ಕ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆಯ ಪರಿಶೀಲನೆ ಸಾಕು. ಏನು ನಡೆಯಿತು, ಎಲ್ಲಿ ಸಿಕ್ಕಿಕೊಂಡಿತು, ಏನು ಬದಲಿಸೋಣ, ಇಷ್ಟೇ ಪ್ರಶ್ನೆ. ಅಂಕಪಟ್ಟಿ ಆಮೇಲೆ ಬರಲಿ. ವಿಷಯವಾರು ಶೇಕಡಾವಾರನ್ನು ಎಲ್ಲರೆದುರು ಓದಿ, "ಹಿಂದಿಗೆ ಆದದ್ದು ಗಣಿತಕ್ಕೆ ಯಾಕಾಗಲಿಲ್ಲ" ಎಂದು ಕೇಳುವ ರೂಢಿಯನ್ನಂತೂ ಬಿಟ್ಟೇಬಿಡಬೇಕು. ಮನೋವಿಜ್ಞಾನಿ ಜಾನ್ ನಿಕೋಲ್ಸ್ ಇದನ್ನು ಅಹಂಕೇಂದ್ರಿತ ದೃಷ್ಟಿ ಎಂದು ಗುರುತಿಸಿದ್ದರು: ನಿನ್ನೆಗಿಂತ ಸುಧಾರಿಸುವುದಕ್ಕಿಂತ ಇನ್ನೊಬ್ಬರಿಗಿಂತ ಮೇಲೆ ಕಾಣುವುದೇ ಮುಖ್ಯವಾಗುತ್ತದೆ. ಹಾಗಾದಾಗ ಶಿಕ್ಷಕರು ತೊಂದರೆ ಹೇಳಿಕೊಳ್ಳುವುದಿಲ್ಲ, ಮುಚ್ಚಿಡುತ್ತಾರೆ. ಮಕ್ಕಳಿಗೆ ಪಾಠದ ಬದಲು "ಬರುವ ಪ್ರಶ್ನೆ"ಗಳ ಉರು ಸಿಗುತ್ತದೆ.

ಮನೋವಿಜ್ಞಾನಿಗಳಾದ ಡೆಸಿ ಮತ್ತು ರಯಾನ್ ಪ್ರೇರಣೆಗೆ ಮೂರು ಅಗತ್ಯಗಳನ್ನು ಹೇಳಿದರು: ಸ್ವಾಯತ್ತತೆ, ಸಾಮರ್ಥ್ಯ, ನಂಟು. ಸ್ವಾಯತ್ತತೆ ಎಂದರೆ ಹೇಗಾದರೂ ಮಾಡಿಕೊಳ್ಳಿ ಎಂದು ಕೈಬಿಡುವುದಲ್ಲ. ಮೂರು ದಾರಿ ಮುಂದಿಟ್ಟು ಶಿಕ್ಷಕರೇ ಒಂದನ್ನು ಆರಿಸಿಕೊಳ್ಳಲಿ. ನಂಟಿನಲ್ಲಿ ಎಡವುವುದು ಅತಿಥಿ ಶಿಕ್ಷಕರ ವಿಷಯದಲ್ಲಿ. ಜೋಯಿಡಾ ಕಡೆಯ ಶಾಲೆಯಲ್ಲಿ ಅವರನ್ನು ಮೀಟಿಂಗಿಗೆ ಕರೆಯದಿದ್ದರೆ ಅರ್ಧ ತಂಡವೇ ಹೊರಗುಳಿದೀತು.

ಪ್ರೇರಣಾ ಭಾಷಣಕಾರರನ್ನು ಕರೆಸುವುದರಿಂದ ಹೆಚ್ಚೇನೂ ಆಗದು. ಆತ್ಮವಿಶ್ವಾಸದ ಬಲವಾದ ಮೂಲ ತಾನೇ ಮಾಡಿ ಗೆದ್ದ ಅನುಭವ, ಹುರಿದುಂಬಿಸುವ ಮಾತಿನ ಬಲ ಅದಕ್ಕಿಂತ ಕಡಿಮೆ ಎಂಬುದು ಮನೋವಿಜ್ಞಾನಿ ಬಂಡೂರಾ ಅವರ ಸಿದ್ಧಾಂತ. ಭಾಷಣದ ಬದಲು ಸಹೋದ್ಯೋಗಿಯ ಪಾಠದಲ್ಲಿ ಇಪ್ಪತ್ತು ನಿಮಿಷ ಕೂರಲು ಬಿಡುವು ಮಾಡಿಕೊಡಿ.

ಮುಖ್ಯೋಪಾಧ್ಯಾಯರಿಗೂ ಒಂದು ಪ್ರಕ್ರಿಯೆಯ ಗುರಿ ಬೇಕು: ವಾರಕ್ಕೆ ಎರಡು ತರಗತಿ ನೋಡಿ, ಕಂಡ ಒಂದು ನಿರ್ದಿಷ್ಟ ಸಂಗತಿಯನ್ನು ಅದೇ ದಿನ ಆ ಶಿಕ್ಷಕರಿಗೆ ಹೇಳುವುದು. ಮೊದಲ ಪೀರಿಯಡ್ ಇಟ್ಟುಕೊಳ್ಳಬೇಡಿ, ಬಿಸಿಯೂಟದ ಲೆಕ್ಕ ಮತ್ತು ಇಲಾಖೆಯ ಫೋನು ಅದನ್ನು ನುಂಗುತ್ತವೆ. ಮೂರನೆಯದು ವಾಸಿ.