ವಲಸಿಗರನ್ನು ತಡೆಯುವ ಅಧಿಕಾರ ಯಾರದ್ದು? ಅಮೆರಿಕದ ಹಳೇ ಜಗಳ

ದಾಖಲೆ ಇಲ್ಲದವರನ್ನು ಹಿಡಿಯುವುದು ರಾಜ್ಯದ ಪೊಲೀಸರ ಕೆಲಸವೋ, ಕೇಂದ್ರದ್ದೋ? ಅಮೆರಿಕದಲ್ಲಿ ಈ ಪ್ರಶ್ನೆಗೆ ನೂರೈವತ್ತು ವರ್ಷ ದಾಟಿದೆ. ಮೊದಮೊದಲು ಇದೆಲ್ಲ ರಾಜ್ಯಗಳ ಕೈಯಲ್ಲೇ ಜಾಸ್ತಿ ಇತ್ತು. ಬಂದರಿಗೆ ಹಡಗು ಬಂದರೆ ನ್ಯೂಯಾರ್ಕ್ ತಲೆಗಿಷ್ಟು ಎಂದು ವಸೂಲಿ ಮಾಡುತ್ತಿತ್ತು.

ರಾಜ್ಯಗಳ ಈ ಅಧಿಕಾರಕ್ಕೆ ಕಡಿವಾಣ ಹಾಕಿದ ಕೇಸುಗಳಲ್ಲಿ ಒಂದು ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. 1874ರಲ್ಲಿ ಚೀನಾ ಕಡೆಯಿಂದ ‘ಜಪಾನ್’ ಎಂಬ ಹಡಗು ಬಂತು. ಕ್ಯಾಲಿಫೋರ್ನಿಯಾದ ವಲಸೆ ಅಧಿಕಾರಿ ಹಡಗು ಹತ್ತಿದ. 22 ಹೆಂಗಸರನ್ನು ಬೇರೆ ನಿಲ್ಲಿಸಿ, ಇವರು ನಡತೆಗೆಟ್ಟವರು, ಒಬ್ಬೊಬ್ಬರಿಗೂ ಚಿನ್ನದ ಲೆಕ್ಕದಲ್ಲಿ 500 ಡಾಲರಿನ ಬಾಂಡ್ (ಜಾಮೀನು ಪತ್ರ) ಕೊಡಿ ಎಂದ. ಕ್ಯಾಪ್ಟನ್ ಒಪ್ಪಲಿಲ್ಲ. ಕೋರ್ಟಿನಲ್ಲಿ ಬಂದ ಸಾಕ್ಷಿ ಎಂಥದ್ದು ಗೊತ್ತಾ? ಅಂಗಿಯ ತೋಳು ಅಗಲವಾಗಿದೆ, ಒಳಗೆ ಬಣ್ಣದ ಬಟ್ಟೆ ಇದೆ ಅನ್ನುವುದು! ಇನ್ನೂ ಮಜಾ ಅಂದರೆ, ಬಾಂಡ್ ಬದಲು ದುಡ್ಡು ಕಟ್ಟಿದರೆ ಅದರಲ್ಲಿ ಶೇ. 20 ಅಧಿಕಾರಿಯ ಜೇಬಿಗೆ. ಲಂಚ ಅಲ್ಲ, ಕಾನೂನೇ ಹಾಗಿತ್ತು.

1876ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಕಿತ್ತುಹಾಕಿತು. ಈ ಹೆಂಗಸರು ಬ್ರಿಟನ್ ರಾಣಿಯ ಪ್ರಜೆಗಳಾಗಿದ್ದರೆ ಏನಾಗುತ್ತಿತ್ತು ಎಂದು ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಮಿಲ್ಲರ್ ಕೇಳಿದರು. ಯಾವುದೋ ಒಂದು ರಾಜ್ಯ ಮಾಡಿದ್ದಕ್ಕೆ ಇಡೀ ದೇಶ ಉತ್ತರ ಕೊಡಬೇಕಲ್ಲ ಅನ್ನುವುದು ಅವರ ವಾದ.

ಹಾಗಂತ ಕೇಂದ್ರ ಕರುಣೆ ತೋರಿಸಿತು ಅಂದುಕೊಳ್ಳಬೇಡಿ. 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಹಾಕಿದ್ದು ಕೇಂದ್ರವೇ. ಅಧಿಕಾರ ಕೈ ಬದಲಾಯಿತು, ಅಷ್ಟೇ.

2010ರಲ್ಲಿ ಅರಿಜೋನಾ ಮತ್ತೆ ಕೈ ಹಾಕಿತು. ವಲಸಿಗರು ಕಾಗದಪತ್ರ ಇಟ್ಟುಕೊಳ್ಳದಿದ್ದರೆ, ಅನುಮತಿ ಇಲ್ಲದೆ ಕೆಲಸ ಹುಡುಕಿದರೆ ಅದು ರಾಜ್ಯದ ಕಾನೂನಿನಡಿಯೂ ಅಪರಾಧ ಎಂದಿತು. ಕೇಂದ್ರ ಕೋರ್ಟಿಗೆ ಹೋಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಕಲಮುಗಳಲ್ಲಿ ಮೂರನ್ನು ರದ್ದು ಮಾಡಿತು. ತಡೆದು ನಿಲ್ಲಿಸಿದವರ ದಾಖಲೆ ವಿಚಾರಿಸುವುದನ್ನು ಮಾತ್ರ ಉಳಿಸಿತು. ಆಮೇಲೆ ಟೆಕ್ಸಾಸ್ ಸರದಿ. ಅಕ್ರಮವಾಗಿ ಗಡಿ ದಾಟಿದವರನ್ನು ತಾನೇ ಹಿಡಿದು ವಾಪಸ್ ಕಳಿಸುವ ಕಾನೂನು ತಂದಿತು. ಕೋರ್ಟಿನ ತಡೆ ಸರಿದು 2024ರ ಮಾರ್ಚ್ 19ರಂದು ಅದು ಕೆಲವೇ ಗಂಟೆ ಜಾರಿಯಲ್ಲಿತ್ತು, ರಾತ್ರಿ ಸುಪ್ರೀಂ ಕೋರ್ಟಿಗಿಂತ ಕೆಳಗಿನ ಕೋರ್ಟ್ ಮತ್ತೆ ತಡೆಯಿತು. ಟೆಕ್ಸಾಸ್ ಕಳಿಸಿದವರನ್ನು ನಾವು ತಗೊಳ್ಳಲ್ಲ ಎಂದು ಮೆಕ್ಸಿಕೋ ಅದೇ ದಿನ ಹೇಳಿತು.

ಈ ಜಗಳಕ್ಕೆ ಇನ್ನೊಂದು ಮುಖ ಇದೆ. ಕೇಂದ್ರ ರಾಜ್ಯವನ್ನು ತಡೆಯಬಹುದು, ಆದರೆ ರಾಜ್ಯದ ಪೊಲೀಸರನ್ನು ತನ್ನ ಕೆಲಸಕ್ಕೆ ದುಡಿಸಿಕೊಳ್ಳುವ ಹಾಗಿಲ್ಲ. ಇದನ್ನು 1997ರಲ್ಲಿ ಗಟ್ಟಿ ಮಾಡಿದ್ದು ವಲಸೆಗೆ ಸಂಬಂಧವೇ ಇಲ್ಲದ ಒಂದು ಬಂದೂಕಿನ ಕೇಸು. ಗನ್ ಕೊಳ್ಳುವವರ ಪೂರ್ವಾಪರ ನಾನ್ಯಾಕೆ ಹುಡುಕಲಿ ಎಂದು ಮೊಂಟಾನಾ ರಾಜ್ಯದ ಶೆರೀಫ್ (ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಒಬ್ಬರು ಹೋರಾಡಿ ಗೆದ್ದಿದ್ದರು. ವಲಸಿಗರ ಪರ ನಿಂತ ನಗರಗಳು ಇವತ್ತು ಹಿಡಿದುಕೊಂಡಿರುವುದು ಆ ತೀರ್ಪನ್ನೇ. ಜೈಲಿನಿಂದ ಬಿಡಬೇಕಾದವರನ್ನು ಇನ್ನೂ 48 ಗಂಟೆ ಇಟ್ಟುಕೊಳ್ಳಿ ಎಂದು ಕೇಂದ್ರದವರು ಚೀಟಿ ಕಳಿಸಿದರೆ, ಅದು ಬರೀ ಕೋರಿಕೆ ಎನ್ನುತ್ತಾರೆ. 2017ರಲ್ಲಿ ಟೆಕ್ಸಾಸ್ ತನ್ನ ಶೆರೀಫರು ಆ ಚೀಟಿಗೆ ಒಪ್ಪಲೇಬೇಕು ಎಂದು ಕಾನೂನು ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ, ಅದಕ್ಕಾಗಿ ಯಾರನ್ನೂ ಹಿಡಿದಿಡಬಾರದು ಎಂದಿತು.