ಗಾಳಿ ತುಂಬಿದ ತೊಟ್ಟಿ, ತಿಂಗಳುಗಟ್ಟಲೆ ನಿಂತ ನೀರು

ನರಕ ಚತುರ್ದಶಿಯ ಮರುದಿನ ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಕನ್ನಡಿಗರೊಬ್ಬರು ನನ್ನನ್ನು ತಮ್ಮ ಮನೆಗೆ ಕರೆಸಿಕೊಂಡಿದ್ದರು. ಬೇಸಿಗೆಯಲ್ಲಿ ರಿಯಾಯಿತಿ ದರಕ್ಕೆ ಕೊಂಡು ಹಿತ್ತಲಿನಲ್ಲಿ ಇರಿಸಿದ್ದ, ಹಲವರು ಒಟ್ಟಿಗೆ ಬಿಸಿನೀರಿನಲ್ಲಿ ಕೂರಲು ಗೋಡೆಗೆ ಗಾಳಿ ತುಂಬಿ ನಿಲ್ಲಿಸುವ ತೊಟ್ಟಿಯಾದ ಹಾಟ್ ಟಬ್‌ನಲ್ಲಿ ಗುಳ್ಳೆಯ ಗುಂಡಿ ಒತ್ತಿದೊಡನೆ ನೊರೆ ಅಂಚು ಮೀರಿ ಏಳುತ್ತಿತ್ತು. ಕೈಯಿಳಿಸಿ ಫಿಲ್ಟರ್ ಕಳಚಿ ತೆಗೆದೆ. ಬಿಳಿಯಾಗಿರಬೇಕಿದ್ದ ಅದರ ಮಡಿಕೆಗಳು ಕಂದುಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು; ಬೆರಳಿಗೆ ಕೊಬ್ಬರಿ ಎಣ್ಣೆಯ ಜಿಡ್ಡು ಹತ್ತಿತು, ಮಡಿಕೆಗಳ ಬುಡದಲ್ಲಿ ಸೀಗೆಪುಡಿಯ ಗಸಿ ಕುಳಿತಿತ್ತು. ಹಬ್ಬದ ಬೆಳಿಗ್ಗೆ ಮನೆಮಂದಿ, ನೆಂಟರು ಎಲ್ಲರೂ ಎಣ್ಣೆ ಹಚ್ಚಿಕೊಂಡು ನೇರವಾಗಿ ಅದರಲ್ಲೇ ಇಳಿದಿದ್ದರು. ಟಬ್ಬಿಗೆ ಇಳಿಯುವ ಮೊದಲು ಒಳಗೆ ಮೈ ತೊಳೆದುಕೊಂಡು ಬರಬೇಕೆಂದು ನಾನು ಹೇಳಿದಾಗ, ಊರಿನಿಂದ ಬಂದಿದ್ದ ಯಜಮಾನರ ತಾಯಿ, "ಇಷ್ಟೊಂದು ಬಿಸಿನೀರು ಇಟ್ಕೊಂಡು, ಮೊದಲು ಬೇರೆ ಕಡೆ ಸ್ನಾನ ಮಾಡ್ಬೇಕೇನಪ್ಪಾ?" ಎಂದು ಕೇಳಿದರು. "ಹೌದಮ್ಮ, ಮಾಡ್ಲೇಬೇಕು" ಎಂದೆ.

ಆ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಬಚ್ಚಲಿನ ಹಂಡೆಯ ನೀರು ಮೈಮೇಲೆ ಬಿದ್ದು ಹರಿದುಹೋಗುತ್ತದೆ, ಕೊಳೆಯನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಹಾಟ್ ಟಬ್ಬಿನ ನೀರು ಎಲ್ಲಿಗೂ ಹೋಗುವುದಿಲ್ಲ. ಇಂದು ಕುಳಿತವರ ಬೆವರು, ಕ್ರೀಮು, ತಲೆಯ ಎಣ್ಣೆ, ಈಜುಡುಪಿಗೆ ಅಂಟಿ ಉಳಿದ ಬಟ್ಟೆ ಸೋಪು ಎಲ್ಲವೂ ನಾಳೆ ಕೂರುವವರಿಗಾಗಿ ಅದೇ ನೀರಿನಲ್ಲಿ ಕಾದಿರುತ್ತವೆ. ನಾಲ್ವರು ಕೂರುವ ಸಾಮಾನ್ಯ ಟಬ್ಬಿನಲ್ಲಿ ಹಿಡಿಸುವುದು ಸುಮಾರು 800 ಲೀಟರ್. ಈಜುಕೊಳದ ಲೆಕ್ಕದಲ್ಲಿ ಅದು ಒಂದು ಚೊಂಬು ನೀರು. ನಾಲ್ಕು ಮಂದಿ ಅರ್ಧ ಗಂಟೆ ಕುಳಿತೆದ್ದರೆ ಕೊಳದಲ್ಲಿ ಏನೂ ಆಗದಿರಬಹುದು, ಇಲ್ಲಿ ಮಾತ್ರ ಹಾಕಿದ್ದ ಕ್ಲೋರಿನ್ ಪೂರ್ತಿ ಖರ್ಚಾಗಿರುತ್ತದೆ. ಅಗ್ಗವಾಗಿ ಸಿಕ್ಕಿದ್ದು ತೊಟ್ಟಿಯಷ್ಟೆ. 800 ಲೀಟರ್ ಬೆಚ್ಚನೆಯ ನಿಂತ ನೀರನ್ನು ಕೆಡದಂತೆ ಇರಿಸಿಕೊಳ್ಳುವ ಕೆಲಸ ದುಬಾರಿ ಟಬ್ಬಿನಲ್ಲಿ ಎಷ್ಟಿದೆಯೋ ಇದರಲ್ಲಿಯೂ ಅಷ್ಟೇ ಇದೆ. ಇದರ ಫಿಲ್ಟರ್ ಮುಷ್ಟಿಗಾತ್ರದ್ದಾದ್ದರಿಂದ ಒಂದು ಕೈ ಹೆಚ್ಚೇ ಎನ್ನಬೇಕು.

ಈ ನೀರಿನಲ್ಲಿ ಲೀಟರಿಗೆ 3ರಿಂದ 5 ಮಿಲಿಗ್ರಾಂ ಮುಕ್ತ ಕ್ಲೋರಿನ್, ಅಂದರೆ ಇನ್ನೂ ಖರ್ಚಾಗದೆ ಉಳಿದ ಕ್ಲೋರಿನ್, ಸದಾ ಇರಬೇಕು; ನೀರು ಎಷ್ಟು ಆಮ್ಲೀಯ ಎಂದು ತಿಳಿಸುವ ಅಳತೆಯಾದ ಪಿಎಚ್ 7.2ರಿಂದ 7.6ರ ನಡುವೆ ನಿಲ್ಲಬೇಕು. ಪರೀಕ್ಷಾ ಪಟ್ಟಿಯನ್ನು ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳೊಡನೆ ಹೋಲಿಸಿ ನೋಡಲು ಒಂದು ನಿಮಿಷವೂ ಬೇಡ; ಟಬ್ ಬಳಸುವ ದಿನವಂತೂ ಇಳಿಯುವ ಮೊದಲು ಇದನ್ನು ಮಾಡಲೇಬೇಕು. ಕ್ಲೋರಿನ್ನಿನ ಘಾಟು ಮೂಗಿಗೆ ಹೊಡೆದರೆ ಪುಡಿ ಹೆಚ್ಚಾಯಿತೆಂದು ಹಲವರು ಹಾಕುವುದನ್ನೇ ನಿಲ್ಲಿಸುತ್ತಾರೆ, ಆದರೆ ಆ ಘಾಟು ಬೆವರು ಮೂತ್ರಗಳ ಸಾರಜನಕದೊಡನೆ ಕೂಡಿ ಬಳಕೆಯಾಗಿ ಹೋದ ಕ್ಲೋರಿನ್ನಿನದು, ಅಂದರೆ ಹೊಸದಾಗಿ ಹಾಕಬೇಕಾದ ಸಮಯ ಬಂದಿದೆ ಎಂಬುದರ ಸೂಚನೆ. ಗುಳ್ಳೆಗಳಿಗೂ ಪಿಎಚ್‌ಗೂ ಒಂದು ನಂಟಿದೆ: ಗಾಳಿ ನುಗ್ಗಿದಂತೆಲ್ಲ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಪಿಎಚ್ ಮೇಲೇರುತ್ತದೆ, ಮೇಲೇರಿದ ಪಿಎಚ್‌ನಲ್ಲಿ ಅದೇ ಪ್ರಮಾಣದ ಕ್ಲೋರಿನ್ ಮಂದವಾಗುತ್ತದೆ. ಥೇಮ್ಸ್ ಕಣಿವೆಯ ನಲ್ಲಿ ನೀರಿನಂಥ ಗಡಸು ನೀರಾದರೆ ಜೊತೆಗೆ ಹೀಟರಿನ ಮೇಲೆ ಸುಣ್ಣದ ಪದರವೂ ಕಟ್ಟುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವವರ ಗೀಸರ್ ಬಿಚ್ಚಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಯಾವ ಕ್ಲೋರಿನ್ ಎಂಬುದೂ ಮುಖ್ಯ. ತೇಲುವ ಡಬ್ಬಿಯಲ್ಲಿಡುವ ಟ್ರೈಕ್ಲೋರ್ ಮಾತ್ರೆ ತೀರ ಆಮ್ಲೀಯವಾದದ್ದು. ಪಂಪ್ ನಿಂತಾಗ ಡಬ್ಬಿ ಒಂದು ಮೂಲೆ ಹಿಡಿದು ನಿಂತುಬಿಟ್ಟರೆ ಆ ಜಾಗದ ವಿನೈಲ್ ಪ್ಲಾಸ್ಟಿಕ್ ಬಿಳಿಚಿಕೊಂಡು ಪೆಡಸಾಗುತ್ತದೆ. ಆದ್ದರಿಂದ ನಾನು ಹೇಳುವುದು ಡೈಕ್ಲೋರ್ ಹರಳನ್ನು. 800 ಲೀಟರ್ ನೀರಿನಲ್ಲಿ ಕ್ಲೋರಿನ್ನನ್ನು ಲೀಟರಿಗೆ 4 ಮಿಲಿಗ್ರಾಂನಷ್ಟು ಏರಿಸಲು ಸುಮಾರು 6 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಸಾಕು. ಅದನ್ನು ಮಗ್ಗಿನ ನೀರಿಗೆ ಹಾಕಿ ಕಲಕಿ, ಪಂಪ್ ಓಡುತ್ತಿರುವಾಗ ಸುತ್ತ ಸುರಿದು, ಕಾಲು ಗಂಟೆ ಮುಚ್ಚಳ ತೆರೆದಿಡಬೇಕು. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಹುಯ್ಯಬಾರದು; ಒಂದು ಬಗೆಯ ಕ್ಲೋರಿನ್ ತೆಗೆದ ಚಮಚವನ್ನು ಇನ್ನೊಂದು ಬಗೆಯ ಡಬ್ಬಿಗೆ ಹಾಕಲೇಬಾರದು, ಏಕೆಂದರೆ ಟ್ರೈಕ್ಲೋರ್ ಮತ್ತು ಇನ್ನೊಂದು ಬಗೆಯ ಕ್ಲೋರಿನ್ ಆದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು.

ಡೈಕ್ಲೋರ್‌ನದೂ ಒಂದು ಕೊರತೆಯಿದೆ. ಅದು ನೀಡುವ ಪ್ರತಿ 10 ಮಿಲಿಗ್ರಾಂ ಕ್ಲೋರಿನ್ನಿನ ಜೊತೆ ಸುಮಾರು 9 ಮಿಲಿಗ್ರಾಂ ಸಯನ್ಯೂರಿಕ್ ಆಮ್ಲ, ಅಂದರೆ ಕ್ಲೋರಿನ್ನನ್ನು ಹಿಡಿದಿಟ್ಟುಕೊಳ್ಳುವ ವಸ್ತು, ನೀರಿನಲ್ಲಿ ಉಳಿದುಕೊಳ್ಳುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ದಿನಕ್ಕೆ ಲೀಟರಿಗೆ 4 ಮಿಲಿಗ್ರಾಂ ಕ್ಲೋರಿನ್ನಿನಂತೆ ಹಾಕುತ್ತ ಬಂದರೆ ತಿಂಗಳಿಗೆ ಈ ಆಮ್ಲ ಲೀಟರಿಗೆ 100 ಮಿಲಿಗ್ರಾಂ ದಾಟುತ್ತದೆ; ಆಗ ಪಟ್ಟಿಯ ಮೇಲೆ ಚೆನ್ನಾಗಿ ಕಾಣುತ್ತಿದ್ದರೂ ಕ್ಲೋರಿನ್ ರೋಗಾಣು ಕೊಲ್ಲುವಲ್ಲಿ ಕೈಕಟ್ಟಿ ಕೂರುತ್ತದೆ. ನೀರು ತಿಳಿಯಾಗಿದೆಯಲ್ಲ, ಇನ್ನೂ ಯಾಕೆ ಚೆಲ್ಲಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ತಿಂಗಳಿಗೊಮ್ಮೆಯಾದರೂ ಪೂರ್ತಿ ಖಾಲಿ ಮಾಡಬೇಕು, ಅದಕ್ಕೆ ಮೊದಲು ಪೈಪು ತೊಳೆಯುವ ದ್ರಾವಣವನ್ನು ಹಾಕಿ ಓಡಿಸಬೇಕು. ಆಗ ಗುಳ್ಳೆಯ ರಂಧ್ರಗಳಿಂದ ಬೂದುಬಣ್ಣದ ಲೋಳೆಯ ಚೂರುಗಳು ಹೊರಬರುವುದನ್ನು ಕಣ್ಣಾರೆ ಕಂಡವರು ಮತ್ತೆ ಆ ಪ್ರಶ್ನೆ ಕೇಳಿದ್ದಿಲ್ಲ.

ಆ ಲೋಳೆಯಲ್ಲಿಯೇ ಅಪಾಯ ಮನೆ ಮಾಡಿರುವುದು. ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಈಜುಡುಪು ಮುಚ್ಚಿದ ಭಾಗದಲ್ಲಿ, ಕೂದಲಿನ ಬುಡಗಳಲ್ಲಿ ತುರಿಸುವ ಕೆಂಪು ಗುಳ್ಳೆಗಳನ್ನು ಎಬ್ಬಿಸುತ್ತದೆ. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಅದಕ್ಕಿಂತ ಕೆಟ್ಟದ್ದು. 20ರಿಂದ 45 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಬೆಳೆಯುವ ಅದನ್ನು ಗುಳ್ಳೆಗಳು ಒಡೆದು ಚಿಮ್ಮುವ ಸೂಕ್ಷ್ಮ ಹನಿಗಳು ಉಸಿರಿನ ಮೂಲಕ ಶ್ವಾಸಕೋಶಕ್ಕೆ ತಲುಪಿಸುತ್ತವೆ. 1999ರಲ್ಲಿ ನೆದರ್‌ಲೆಂಡ್ಸ್‌ನ ಬೊವೆನ್‌ಕಾರ್ಸ್ಪೆಲ್ ಎಂಬ ಊರಿನ ಪುಷ್ಪ ಪ್ರದರ್ಶನದಲ್ಲಿ ನೋಡುಗರಿಗಾಗಿ ಓಡಿಸಿಟ್ಟಿದ್ದ ಬಿಸಿನೀರಿನ ತೊಟ್ಟಿಯಿಂದ ಈ ಸೋಂಕು ಹರಡಿ 30ಕ್ಕೂ ಹೆಚ್ಚು ಮಂದಿ ಸತ್ತರು. ಅವರು ಹೂವು ನೋಡಲು ಬಂದವರು, ತೊಟ್ಟಿಗೆ ಇಳಿದವರಲ್ಲ. ಐದು ವರ್ಷದೊಳಗಿನ ಮಕ್ಕಳನ್ನು ಇದರಲ್ಲಿ ಇಳಿಸಬಾರದು, ಗರ್ಭಿಣಿಯರೂ ಹೃದ್ರೋಗಿಗಳೂ ವೈದ್ಯರನ್ನು ಕೇಳದೆ ಇಳಿಯಬಾರದು, ಕುಡಿದು ಯಾರೂ ಇಳಿಯಬಾರದು.

ವಿದ್ಯುತ್ತಿನ ಲೆಕ್ಕವನ್ನು ಮಾರುವವರು ಹೇಳುವುದು ಕಡಿಮೆ, ಆದರೆ ಮನೆಯಲ್ಲೇ ಕಟ್ಟಬಹುದು. 800 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 0.93 ಯೂನಿಟ್ ಬೇಕು. 12 ಡಿಗ್ರಿಯ ನಲ್ಲಿ ನೀರನ್ನು 38ಕ್ಕೆ ತರಲು 24 ಯೂನಿಟ್. ಬ್ರಿಟನ್ನಿನ ಮಾದರಿಗಳಲ್ಲಿರುವ ಸುಮಾರು 2 ಕಿಲೋವಾಟ್ ಹೀಟರಿಗೆ ಅದು ಕನಿಷ್ಠ 12 ಗಂಟೆಯ ಕೆಲಸ, ಸೋರಿಹೋಗುವ ಶಾಖ ಸೇರಿದರೆ ಇನ್ನೂ ಹೆಚ್ಚು. ಸಂಜೆ ನೆಂಟರು ಬರುತ್ತಾರೆಂದು ಮಧ್ಯಾಹ್ನ ನೀರು ತುಂಬುವವರು ತಣ್ಣೀರಿನಲ್ಲೇ ಕೂರಬೇಕಾಗುತ್ತದೆ. ಒಂದು ರಾತ್ರಿಯ ಖರ್ಚು ತಿಳಿಯಬೇಕೆಂದರೆ ಮಲಗುವಾಗ ಹೀಟರ್ ಆರಿಸಿ, ಬೆಳಿಗ್ಗೆ ಎಷ್ಟು ಡಿಗ್ರಿ ಇಳಿದಿದೆಯೆಂದು ನೋಡಿ 0.93ರಿಂದ ಗುಣಿಸಿರಿ. ಐದು ಡಿಗ್ರಿ ಇಳಿದಿದ್ದರೆ ಆ ಒಂದು ರಾತ್ರಿಗೆ 4.65 ಯೂನಿಟ್. ಕೆಳಗೆ ಫೋಮ್ ಚಾಪೆ ಹಾಸಿ, ಮುಚ್ಚಳದೊಳಗಿನ ಗಾಳಿ ದಿಂಬನ್ನು ತಪ್ಪದೆ ಊದಿಟ್ಟು ಮತ್ತೆ ಅಳೆದರೆ ಉಳಿತಾಯ ನಿಮಗೇ ಕಾಣುತ್ತದೆ. ಹೊರಗಿನ ತಾಪಮಾನ 4 ಡಿಗ್ರಿಗಿಂತ ಕೆಳಗಿಳಿದಾಗ ಬಳಸಬಾರದೆಂಬ ಸೂಚನೆ ಅನೇಕ ಮಾದರಿಗಳ ಕೈಪಿಡಿಯಲ್ಲಿಯೇ ಇದೆ.

ಎಕ್ಸ್‌ಟೆನ್ಷನ್ ಬೋರ್ಡಿಗೆ ಇದನ್ನು ಸಿಕ್ಕಿಸಬೇಡಿ. ಗಂಟೆಗಟ್ಟಲೆ 9 ಆಂಪಿಯರ್‌ನಷ್ಟು ಎಳೆಯುವ ಯಂತ್ರವಿದು. ವೈರಿನಲ್ಲೇ ಇರುವ ಸುರಕ್ಷಾ ಪ್ಲಗ್ಗಿನ ಪರೀಕ್ಷಾ ಗುಂಡಿಯನ್ನು ಪ್ರತಿ ಬಾರಿ ಇಳಿಯುವ ಮೊದಲು ಒತ್ತಿ ನೋಡಬೇಕು. ಒತ್ತಿದಾಗ ವಿದ್ಯುತ್ ಕಡಿಯದಿದ್ದರೆ ಆ ದಿನ ಟಬ್ ಬೇಡ. ಅಮೆರಿಕದಿಂದ ತಮ್ಮನೋ ಭಾವನೋ ತಂದುಕೊಟ್ಟ ಟಬ್ಬನ್ನು ಊರಿನಲ್ಲಿ ಬಳಸಬಹುದೇ ಎಂದು ಕೇಳುವವರಿಗೆ ಇಲ್ಲವೆಂದೇ ಹೇಳುತ್ತೇನೆ: ಅಲ್ಲಿನದು 120 ವೋಲ್ಟಿನ ಯಂತ್ರ, ನಮ್ಮದು 230.

ಬೆಂಗಳೂರಿನಿಂದ ಬರುವ ಇನ್ನೊಂದು ಪ್ರಶ್ನೆ ತಾರಸಿಯದು. 800 ಲೀಟರ್ ಎಂದರೆ 800 ಕಿಲೋ, ನಾಲ್ವರು ಸೇರಿದರೆ ಒಂದು ಟನ್ನಿಗೂ ಮೇಲೆ, ಅದೂ ಸುಮಾರು ಮೂರು ಚದರ ಮೀಟರ್ ಜಾಗದಲ್ಲಿ. ಕಟ್ಟಡಗಳನ್ನು ಎಷ್ಟು ಭಾರಕ್ಕೆ ಲೆಕ್ಕ ಹಾಕಬೇಕೆಂದು ಹೇಳುವ ಭಾರತೀಯ ಮಾನಕ 875, ಜನ ಓಡಾಡುವ ತಾರಸಿಗೆ ಹಿಡಿಯುವ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ 150 ಕಿಲೋ ಚಿಲ್ಲರೆ. ಇಲ್ಲಿ ಬೀಳುವುದು ಅದರ ದುಪ್ಪಟ್ಟಿಗಿಂತ ಹೆಚ್ಚು. ಸ್ಟ್ರಕ್ಚರಲ್ ಇಂಜಿನಿಯರ್ ನಕ್ಷೆ ನೋಡಿ ಒಪ್ಪದ ಹೊರತು ತಾರಸಿಗಾಗಲೀ ಬಾಲ್ಕನಿಗಾಗಲೀ ಇದನ್ನು ಏರಿಸಬಾರದು. ಸಿಂಟೆಕ್ಸ್ ಟ್ಯಾಂಕ್ ಇಟ್ಟಿಲ್ಲವೇ ಎಂಬ ವಾದ ಇಲ್ಲಿ ನಡೆಯದು, ಆ ಟ್ಯಾಂಕಿನ ಜಾಗವನ್ನು ಕಟ್ಟುವಾಗಲೇ ಲೆಕ್ಕ ಹಾಕಿ ಗೊತ್ತುಮಾಡಿರುತ್ತಾರೆ.

ಗಾಳಿ ಸೋರುವುದಕ್ಕೆ ಜನ ಹೆದರುವಷ್ಟು ಕಾರಣವಿಲ್ಲ. ಸೋಪಿನ ನೀರು ಸವರಿ, ಗುಳ್ಳೆ ಬಂದ ಕಡೆ ಒರಸಿ ಒಣಗಿಸಿ ತೇಪೆ ಹಾಕಿದರೆ ಮುಗಿಯಿತು. ಎಷ್ಟೋ ಬಾರಿ ಸೋರಿಕೆ ಇರುವುದು ಸರಿಯಾಗಿ ತಿರುಗಿಸದ ವಾಲ್ವಿನಲ್ಲಿ. ಬಿಸಿಲಿನಲ್ಲಿ ಗಾಳಿ ಹಿಗ್ಗುವುದರಿಂದ ಬೇಸಿಗೆಯ ಮಧ್ಯಾಹ್ನ ಸ್ವಲ್ಪ ಗಾಳಿ ಬಿಡಬೇಕು. ಗೋಡೆ ಒಂದು ಕಡೆ ಕುಂಬಳಕಾಯಿಯಂತೆ ಉಬ್ಬಿಕೊಂಡರೆ ಗೋಡೆಯ ಎರಡು ಬದಿಗಳನ್ನು ಒಳಗಿನಿಂದ ಹಿಡಿದಿಡುವ ಪಟ್ಟಿ ಕಿತ್ತಿದೆ ಎಂದರ್ಥ, ಅದಕ್ಕೆ ರಿಪೇರಿಯಿಲ್ಲ.

ಚಳಿಗಾಲಕ್ಕೆ ಮಡಚಿಡುವವರು ಕ್ಲೋರಿನ್ ಸೊನ್ನೆಗಿಳಿದ ಮೇಲೆ ನೀರನ್ನು ಕೊಳಚೆ ಚರಂಡಿಗೆ ಬಿಡಬೇಕು, ಮಳೆನೀರಿನ ಚರಂಡಿಗಲ್ಲ. ಅದು ನೇರವಾಗಿ ಹೊಳೆ ಸೇರುತ್ತದೆ. ಆಮೇಲೆ ಪಂಪಿನ ಗಾಳಿಯಿಂದಲೇ ಪೈಪುಗಳನ್ನು ಊದಿ, ಹೊಲಿಗೆಯ ಸಂದುಗಳನ್ನು ಒಣಬಟ್ಟೆಯಿಂದ ಒರಸಿ, ಎರಡು ದಿನ ಹರವಿಟ್ಟು ಮಡಚಬೇಕು. ಮಡಚಿದ್ದನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ. ರಟ್ಟಿನ ಡಬ್ಬಿಯಲ್ಲೇ ಷೆಡ್ಡಿನ ಮೂಲೆಗೆ ಸರಿಸಿದ್ದ ಗಿರಾಕಿಯೊಬ್ಬರು ಏಪ್ರಿಲ್‌ನಲ್ಲಿ ಬಿಚ್ಚಿದಾಗ, ಮಡಿಕೆಯ ನಡುವೆ ಇಲಿ ಮರಿ ಹಾಕಿತ್ತು. ಅದು ಕಡಿದಿದ್ದು ಒಂದೇ ಕಡೆ. ಆದರೆ ಎಂಟು ಪದರ ಮಡಚಿದ್ದರಿಂದ ತೂತುಗಳನ್ನು ಎಣಿಸಿದಾಗ ಎಂಟು ಸಿಕ್ಕವು.