ಸ್ಪೈವೇರ್ ಟ್ರೋಜನ್: ಫೈಲ್ ಅಳಿಸಿದ ಮೇಲೆ ಇನ್ನೇನು ಉಳಿದಿರುತ್ತದೆ?

ವೈರಸ್, ವರ್ಮ್, ಟ್ರೋಜನ್ ಅಂತ ಮೂರು ಕಾಲಂ ಹಾಕಿ ವ್ಯತ್ಯಾಸ ಬರೆಯುವ ಪ್ರಶ್ನೆ ಕಂಪ್ಯೂಟರ್ ಪರೀಕ್ಷೆಗಳಲ್ಲಿ ಆಗಾಗ ಬರುತ್ತದೆ. ಉತ್ತರ ಸುಲಭ. ವೈರಸ್ ಬೇರೆ ಫೈಲ್‌ಗೆ ಅಂಟಿಕೊಂಡು ಹರಡುತ್ತದೆ, ವರ್ಮ್ ನೆಟ್‌ವರ್ಕ್ ಹಿಡಿದು ತಾನೇ ಹರಡುತ್ತದೆ, ಒಳ್ಳೆಯ ಸಾಫ್ಟ್‌ವೇರ್ ವೇಷದಲ್ಲಿ ಬರುವ ಟ್ರೋಜನ್ ತಾನಾಗಿ ಎಲ್ಲಿಗೂ ಹೋಗುವುದಿಲ್ಲ, ಅದನ್ನು ಯಾರಾದರೂ ಓಡಿಸಬೇಕು. ಅಂಕ ಸಿಗುತ್ತದೆ. ಆದರೆ ಸೋಂಕು ತಗುಲಿದ ಲ್ಯಾಪ್‌ಟಾಪ್ ಮುಂದೆ ಕೂತಾಗ ಈ ಟೇಬಲ್ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಮುಖ್ಯವಾಗುವುದು ಬೇರೆ ಪ್ರಶ್ನೆ: ಈ ಟ್ರೋಜನ್ ಒಳಗೆ ಬಂದು ಏನು ಮಾಡಿತು? ಕ್ಲೀನ್ ಮಾಡುವ ಕ್ರಮ ಅದರ ಮೇಲೆ ನಿಂತಿದೆ. ಒಂದು ಹಳೆಯ, ಒಂದು ಹೊಸ ಉದಾಹರಣೆ ನೋಡೋಣ.

ಹಳೆಯದು: ಡಿಎನ್‌ಎಸ್ ಚೇಂಜರ್

2007ರ ಸುಮಾರಿಗೆ ಶುರುವಾದದ್ದು. ವಿಡಿಯೋ ನೋಡಲು ಹೋದರೆ ‘ನಿಮ್ಮಲ್ಲಿ ಕೋಡೆಕ್ ಇಲ್ಲ, ಇಲ್ಲಿ ಡೌನ್‌ಲೋಡ್ ಮಾಡಿ’ ಎಂಬ ಪೆಟ್ಟಿಗೆ ಬರುತ್ತಿತ್ತು. ಆ ಕಾಲದಲ್ಲಿ ಕೋಡೆಕ್ (ವಿಡಿಯೋ ಓಡಿಸಲು ಬೇಕಾದ ಪುಟ್ಟ ಸಾಫ್ಟ್‌ವೇರ್) ಇಲ್ಲದೆ ವಿಡಿಯೋ ಓಡದಿರುವುದು ನಿಜಕ್ಕೂ ಮಾಮೂಲಿಯಾಗಿತ್ತು. ಹಾಗಾಗಿ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಇನ್‌ಸ್ಟಾಲ್ ಮಾಡಿದರೆ ಟ್ರೋಜನ್ ಒಳಗೆ.

ಅದು ಮಾಡುತ್ತಿದ್ದ ಮುಖ್ಯ ಕೆಲಸ: ಕಂಪ್ಯೂಟರಿನ ಡಿಎನ್‌ಎಸ್ ಸೆಟ್ಟಿಂಗ್ ಬದಲಾಯಿಸುವುದು. ವೆಬ್‌ಸೈಟ್ ಹೆಸರು ಟೈಪ್ ಮಾಡಿದಾಗ ಅದರ ಐಪಿ ವಿಳಾಸ, ಅಂದರೆ ಅಂಕಿಗಳಲ್ಲಿರುವ ವಿಳಾಸ, ಹುಡುಕಿಕೊಡುವುದು ಡಿಎನ್‌ಎಸ್ ಸರ್ವರ್. ಅದೇ ಕಳ್ಳರ ಕೈಯಲ್ಲಿದ್ದರೆ, ನೀವು ಸರಿಯಾದ ಹೆಸರು ಬರೆದರೂ ತಲುಪುವುದು ಅವರು ಹೇಳಿದ ಕಡೆಗೇ. ಜಾಹೀರಾತುಗಳನ್ನು ಬದಲಿಸಿ, ಕ್ಲಿಕ್‌ಗಳನ್ನು ತಿರುಗಿಸಿ ಆ ಗುಂಪು ಕನಿಷ್ಠ 1.4 ಕೋಟಿ ಡಾಲರ್ ಗಳಿಸಿತು ಎಂದು ಅಮೆರಿಕದ ಎಫ್‌ಬಿಐ ಹೇಳಿದೆ. ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರ್‌ಗಳಿಗೆ ಇದು ತಗುಲಿತ್ತು. ನವೆಂಬರ್ 2011ರಲ್ಲಿ ಎಸ್ಟೋನಿಯಾದಲ್ಲಿ ಆರು ಜನರ ಬಂಧನವಾಯಿತು.

ಪಾಠ ಇರುವುದು ಆಮೇಲಿನ ಕತೆಯಲ್ಲಿ. ಕಳ್ಳರ ಸರ್ವರ್‌ಗಳನ್ನು ಸುಮ್ನೆ ಆಫ್ ಮಾಡಿದ್ದರೆ ಆ ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಇಂಟರ್ನೆಟ್ಟೇ ನಿಂತುಹೋಗುತ್ತಿತ್ತು. ಯಾಕೆಂದರೆ ಅವೆಲ್ಲ ವಿಳಾಸ ಕೇಳುತ್ತಿದ್ದದ್ದು ಅದೇ ಸರ್ವರ್‌ಗಳನ್ನು. ಹಾಗಾಗಿ ಕೋರ್ಟ್ ಅನುಮತಿ ಪಡೆದು, ಅವುಗಳ ಜಾಗದಲ್ಲಿ ಒಳ್ಳೆಯ ಸರ್ವರ್‌ಗಳನ್ನು ಕೂರಿಸಿ, 2012ರ ಜುಲೈ 9ರವರೆಗೆ ನಡೆಸಿದರು. ಆ ದಿನ ಬಂದಾಗಲೂ ಸೆಟ್ಟಿಂಗ್ ಸರಿಮಾಡಿಕೊಳ್ಳದ ಕಂಪ್ಯೂಟರ್‌ಗಳು ಲಕ್ಷಗಟ್ಟಲೆ ಉಳಿದಿದ್ದವು. ಟ್ರೋಜನ್ ಫೈಲನ್ನು ಆಂಟಿವೈರಸ್ ಅಳಿಸಿದರೂ ಅದು ಬರೆದಿಟ್ಟ ಡಿಎನ್‌ಎಸ್ ನಂಬರ್ ಅಲ್ಲೇ ಇರಬಹುದು. ಕೆಲವು ಕಡೆ ಇದು ರೌಟರ್‌ಗೂ ಕೈ ಹಾಕಿತ್ತು, ಕಂಪನಿ ಕೊಟ್ಟ ಡೀಫಾಲ್ಟ್ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದವರ ರೌಟರ್‌ಗೆ.

ಹೊಸದು: ಲುಮ್ಮಾ ಸ್ಟೀಲರ್

ಇದು ಸ್ಪೈವೇರ್, ಅಂದರೆ ಕಂಪ್ಯೂಟರಿನೊಳಗಿನ ಮಾಹಿತಿಯನ್ನು ಗುಟ್ಟಾಗಿ ಕದಿಯುವ ಜಾತಿಯದು. ತಿಂಗಳ ಬಾಡಿಗೆಗೆ ಸಿಗುತ್ತದೆ. 2025ರ ಮಾರ್ಚ್ 16ರಿಂದ ಮೇ 16ರ ನಡುವೆ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದನ್ನು ಕಂಡೆವು ಎಂದು ಮೈಕ್ರೋಸಾಫ್ಟ್ ಹೇಳಿತು. ಅದೇ ಮೇ ತಿಂಗಳಲ್ಲಿ ಇದಕ್ಕೆ ಸೇರಿದ ಸುಮಾರು 2,300 ಡೊಮೇನ್‌ಗಳನ್ನು (ವೆಬ್ ಹೆಸರುಗಳನ್ನು) ಕಿತ್ತುಕೊಳ್ಳಲಾಯಿತು.

ಒಳಗೆ ಬರುವ ದಾರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಒಂದು ಪೇಜ್ ತೆರೆಯುತ್ತದೆ. ‘ನಾನು ರೋಬೋಟ್ ಅಲ್ಲ’ ಎಂಬ ಚೌಕ. ಅದನ್ನು ಒತ್ತಿದ ಕೂಡಲೇ ಆ ಪೇಜ್ ನಮಗೆ ಗೊತ್ತಾಗದಂತೆ ಕ್ಲಿಪ್‌ಬೋರ್ಡ್‌ಗೆ ಒಂದು ಕಮಾಂಡ್ ಕಾಪಿ ಮಾಡುತ್ತದೆ. ಆಮೇಲೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ. ಒತ್ತಿದರೆ ವಿಂಡೋಸ್‌ನಲ್ಲೇ ಇರುವ ಪವರ್‌ಶೆಲ್ ಅಥವಾ ಎಂಎಸ್‌ಹೆಚ್‌ಟಿಎ ಎಂಬ ಪ್ರೋಗ್ರಾಮ್ ಓಡಿ ಟ್ರೋಜನ್ನನ್ನು ಇಳಿಸಿಕೊಳ್ಳುತ್ತದೆ. ಆ ಕಮಾಂಡ್‌ನ ಕೊನೆಗೆ ‘ನಾನು ರೋಬೋಟ್ ಅಲ್ಲ, ಪರಿಶೀಲನೆ ಸಂಖ್ಯೆ ಇಷ್ಟು’ ಎಂಬಂಥ ಇಂಗ್ಲಿಷ್ ಸಾಲು ಸೇರಿಸಿರುತ್ತಾರೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದಾಗ ತೆರೆಯುವ ರನ್ ಪೆಟ್ಟಿಗೆ ಚಿಕ್ಕದು. ಉದ್ದದ ಸಾಲು ಪೇಸ್ಟ್ ಮಾಡಿದರೆ ಕಾಣುವುದು ಬಾಲ ಮಾತ್ರ. ನಿಜವಾದ ಕಮಾಂಡ್ ಎಡಗಡೆ ಅಡಗಿರುತ್ತದೆ. 2024ರಿಂದ ಜಾಸ್ತಿಯಾದ ಈ ತಂತ್ರಕ್ಕೆ ಕ್ಲಿಕ್‌ಫಿಕ್ಸ್ ಎಂದು ಹೆಸರು. ಕೆಟ್ಟ ಕೆಲಸವಾದರೂ ಜಾಣತನ ಒಪ್ಪಲೇಬೇಕು.

ಇನ್ನೊಂದು ದಾರಿ ನಮಗೆಲ್ಲ ಗೊತ್ತಿರುವ ಕ್ರ್ಯಾಕ್ ಸಾಫ್ಟ್‌ವೇರ್. ಜಿಪ್ ಫೈಲ್‌ಗೆ ಪಾಸ್‌ವರ್ಡ್ ಇರುತ್ತದೆ, ಅದು ಪಕ್ಕದಲ್ಲೇ ಬರೆದಿರುತ್ತದೆ. ಎಲ್ಲರಿಗೂ ಕಾಣುವ ಪಾಸ್‌ವರ್ಡ್ ಯಾಕೆ? ಬೀಗ ಹಾಕಿದ ಜಿಪ್ ಒಳಗೆ ಸ್ಕ್ಯಾನರ್ ಇಣುಕಲಾರದು, ಅದಕ್ಕೆ. ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಅಂತ ಸೂಚನೆ ಬೇರೆ. ಆ ಸಾಲು ಕಂಡಲ್ಲೇ ಫೈಲ್ ಬಿಟ್ಟು ಎದ್ದುಬಿಡಿ.

ಒಳಗೆ ಬಂದ ಸ್ಟೀಲರ್‌ಗೆ ಅಡ್ಮಿನ್ ಅನುಮತಿ ಬೇಕಾಗಿಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿರುತ್ತವೆ, ನಿಜ. ಆದರೆ ವಿಂಡೋಸ್‌ನ ಹಳೆಯ ವ್ಯವಸ್ಥೆಯಲ್ಲಿ, ನಿಮ್ಮ ಲಾಗಿನ್‌ನಲ್ಲಿ ಓಡುವ ಯಾವ ಪ್ರೋಗ್ರಾಮ್ ಬೇಕಾದರೂ ಅದನ್ನು ಬಿಚ್ಚಿಸಿಕೊಳ್ಳಬಹುದಿತ್ತು. ಕುಕಿಗಳ ಕತೆಯೂ ಅದೇ. 2024ರ ಜುಲೈನಲ್ಲಿ ಕ್ರೋಮ್ 127 ಕುಕಿಗಳಿಗೆ ಇನ್ನೊಂದು ಬೀಗ ಸೇರಿಸಿತು. ಕೆಲವೇ ತಿಂಗಳಲ್ಲಿ ಸ್ಟೀಲರ್ ಬರೆಯುವವರು ಅದಕ್ಕೂ ಅಡ್ಡದಾರಿ ಕಂಡುಕೊಂಡರು.

ಕುಕಿ ಹೋಯಿತು ಅಂದರೆ ಏನಾಯಿತು? ನೀವು ಪಾಸ್‌ವರ್ಡ್ ಕೊಟ್ಟು, ಓಟಿಪಿಯನ್ನೂ ಕೊಟ್ಟು ಲಾಗಿನ್ ಆದ ಮೇಲೆ ಸೈಟ್ ಕೊಡುವ ಗುರುತುಚೀಟಿ ಅದು. ಕಳ್ಳ ಅದನ್ನು ತನ್ನ ಬ್ರೌಸರ್‌ಗೆ ಹಾಕಿಕೊಂಡರೆ ಎಷ್ಟೋ ಕಡೆ ಓಟಿಪಿ ಕೇಳುವುದೇ ಇಲ್ಲ. ಇಂಥ ಟ್ರೋಜನ್‌ಗಳಲ್ಲಿ ಹಲವು ಕೆಲವೇ ನಿಮಿಷಗಳಲ್ಲಿ ಎಲ್ಲ ಬಾಚಿಕೊಂಡು ಕಳಿಸಿ, ಕೆಲಸ ಮುಗಿಸಿ ನಿಂತುಬಿಡುತ್ತವೆ. ಮಾರನೇ ದಿನ ಸ್ಕ್ಯಾನ್ ಮಾಡಿದರೆ ಏನೂ ಸಿಗದಿರಬಹುದು. ‘ಕ್ಲೀನ್ ಇದೆ’ ಅಂತ ನಿಟ್ಟುಸಿರು ಬಿಡಬೇಡಿ.

ಹಾಗಾದರೆ ಕ್ರಮ ಯಾವುದು?

ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತುಬಿಡಿ. ಆ ಕಂಪ್ಯೂಟರ್‌ನಲ್ಲಿ ಯಾವ ಪಾಸ್‌ವರ್ಡನ್ನೂ ಟೈಪ್ ಮಾಡಬೇಡಿ.

ಸ್ಕ್ಯಾನ್‌ಗಿಂತ ಮುಂಚೆ ಬೇರೆ ಫೋನ್ ತೆಗೆದುಕೊಂಡು ಇಮೇಲ್ ಪಾಸ್‌ವರ್ಡ್ ಬದಲಾಯಿಸಿ. ಇಮೇಲೇ ಮೊದಲು, ಯಾಕೆಂದರೆ ಉಳಿದ ಅಕೌಂಟ್‌ಗಳ ರೀಸೆಟ್ ಲಿಂಕ್ ಬರುವುದು ಅಲ್ಲಿಗೆ. ಬದಲಾಯಿಸಿದ ಮೇಲೆ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಕೊಡಿ. ಕದ್ದ ಕುಕಿ ಸಾಯುವುದು ಆಗಲೇ. ರಿಕವರಿ ನಂಬರ್, ಫಾರ್ವರ್ಡಿಂಗ್ ನಿಯಮ ಯಾರಾದರೂ ಬದಲಾಯಿಸಿದ್ದಾರಾ ನೋಡಿ. ಆಮೇಲೆ ಬ್ಯಾಂಕ್, ಸೋಶಿಯಲ್ ಮೀಡಿಯಾ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಸ್ಕ್ಯಾನ್. ವಿಂಡೋಸ್ ಓಡುತ್ತಿರುವಾಗ ಟ್ರೋಜನ್ ಬಚ್ಚಿಟ್ಟುಕೊಳ್ಳಬಲ್ಲದು. ಆದ್ದರಿಂದ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಪರೀಕ್ಷೆ ನಡೆಯುತ್ತದೆ. ಕಾಲು ಗಂಟೆಯ ಕೆಲಸ. ಅದಕ್ಕೂ ಮುಂಚೆ ಎಕ್ಸ್‌ಕ್ಲೂಶನ್ಸ್ ಪಟ್ಟಿ ತೆರೆದು ನೋಡಿ. ಅಡ್ಮಿನ್ ಅನುಮತಿ ಸಿಕ್ಕ ಕೆಲವು ಟ್ರೋಜನ್‌ಗಳು ತಮ್ಮ ಫೋಲ್ಡರನ್ನು ಅಲ್ಲಿ ಸೇರಿಸಿ ‘ಇದನ್ನು ಸ್ಕ್ಯಾನ್ ಮಾಡಬೇಡ’ ಎಂದು ಡಿಫೆಂಡರ್‌ಗೇ ಹೇಳಿಟ್ಟಿರುತ್ತವೆ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ ಉಚಿತ ಟೂಲ್ ಕೊಡುತ್ತದೆ. ಪಾಪ್‌ಅಪ್‌ನಲ್ಲಿ ಬರುವ ‘ಸ್ಪೈವೇರ್ ರಿಮೂವರ್’ ಮಾತ್ರ ಮುಟ್ಟಬೇಡಿ. ಕೋಡೆಕ್ ಕಾಲದಿಂದಲೂ ಸೋಂಕು ಹಚ್ಚಿ ಔಷಧಿ ಮಾರುವ ವ್ಯಾಪಾರ ನಡೆದೇ ಇದೆ.

ಮತ್ತೆ ಏಳುವ ಟ್ರೋಜನ್ ಆದರೆ ಅದು ಎಲ್ಲಿಂದ ಏಳುತ್ತಿದೆ ಎಂದು ಹುಡುಕಬೇಕು. ಮೈಕ್ರೋಸಾಫ್ಟ್‌ನ ಆಟೋರನ್ಸ್ ಟೂಲ್ ಇದಕ್ಕೆ ಚೆನ್ನಾಗಿದೆ. ಪ್ರೋಗ್ರಾಮ್‌ಗಳು ತಾವಾಗಿ ಏಳುವ ಜಾಗಗಳಾದ ರಿಜಿಸ್ಟ್ರಿಯ ರನ್ ಕೀ, ಟಾಸ್ಕ್ ಶೆಡ್ಯೂಲರ್, ಸರ್ವಿಸ್ ಎಲ್ಲ ಒಂದೇ ಕಡೆ ಕಾಣುತ್ತದೆ. ಮೈಕ್ರೋಸಾಫ್ಟ್‌ನ ಎಂಟ್ರಿಗಳನ್ನು ಮರೆಮಾಡಿ. ಆಪ್‌ಡೇಟಾ ಅಥವಾ ಟೆಂಪ್ ಫೋಲ್ಡರ್‌ನಿಂದ ಓಡುವ, ಪಬ್ಲಿಷರ್ ಹೆಸರಿಲ್ಲದ ಎಂಟ್ರಿ ಮೇಲೆ ಕಣ್ಣಿಡಿ. ನೇರ ಡಿಲೀಟ್ ಬೇಡ, ಮೊದಲು ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ ನೋಡಿ.

ಕೊನೆಗೆ ಡಿಎನ್‌ಎಸ್. ನೆಟ್‌ವರ್ಕ್ ಅಡಾಪ್ಟರ್‌ನ ಪ್ರಾಪರ್ಟೀಸ್‌ನಲ್ಲಿ ನೀವು ಹಾಕದ ನಂಬರ್ ಇದ್ದರೆ ಆಟೋಮ್ಯಾಟಿಕ್‌ಗೆ ತನ್ನಿ. ರೌಟರ್ ಪೇಜ್‌ನಲ್ಲೂ ಅದನ್ನೇ ನೋಡಿ, ಅದರ ಪಾಸ್‌ವರ್ಡ್ ಬದಲಾಯಿಸಿ. ಹೋಸ್ಟ್ಸ್ ಫೈಲ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಬರೆದಿಡುವ ವಿಂಡೋಸ್ ಫೈಲ್), ಬ್ರೌಸರ್ ಎಕ್ಸ್‌ಟೆನ್ಶನ್‌ಗಳ ಮೇಲೂ ಒಮ್ಮೆ ಕಣ್ಣಾಡಿಸಿ.

ಇಷ್ಟೆಲ್ಲ ಬೇಕಾ, ಫಾರ್ಮ್ಯಾಟ್ ಮಾಡಿದರಾಯಿತಲ್ವಾ? ಟ್ರೋಜನ್‌ಗೆ ಅಡ್ಮಿನ್ ಅನುಮತಿ ಸಿಕ್ಕಿದ್ದರೆ ಅಥವಾ ರಿಮೋಟ್ ಕಂಟ್ರೋಲ್ ಮಾಡುವ ಜಾತಿಯದಾಗಿದ್ದರೆ ನನ್ನ ಮತವೂ ಫಾರ್ಮ್ಯಾಟ್‌ಗೇ. ಆದರೆ ಪಾಸ್‌ವರ್ಡ್ ಮತ್ತು ರೌಟರ್‌ನ ಕೆಲಸ ಆಗಲೂ ತಪ್ಪುವುದಿಲ್ಲ. ಬ್ಯಾಕಪ್‌ಗೆ ಫೋಟೋ, ಡಾಕ್ಯುಮೆಂಟ್ ಮಾತ್ರ ತೆಗೆದುಕೊಳ್ಳಿ, ಹಳೆಯ ಸೆಟಪ್ ಫೈಲ್‌ಗಳನ್ನು ಅಲ್ಲೇ ಬಿಡಿ. ಹೊಸ ವಿಂಡೋಸ್ ಬಂದ ಮೇಲೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿಕೊಳ್ಳಿ. ಪಿಡಿಎಫ್ ಎಂದು ಹೆಸರಿಟ್ಟುಕೊಂಡ ಇಎಕ್ಸ್‌ಇ ಫೈಲ್ ಆಗ ಕಣ್ಣಿಗೆ ಬೀಳುತ್ತದೆ.